ಹನ್ನೆರಡು ಟ್ಯೂಬಿನ ಎಣ್ಣೆಬಣ್ಣದ ಪೆಟ್ಟಿಗೆ: ಇಂಪ್ರೆಷನಿಸ್ಟ್ ನಿಸರ್ಗಚಿತ್ರಕ್ಕೆ ಎಷ್ಟು ಸಾಕು, ಎಲ್ಲಿ ಕೈಕೊಡುತ್ತದೆ

ಎಣ್ಣೆಬಣ್ಣ ಕಲಿಯಲು ಹೊರಟವರು ಬಹುಪಾಲು ಮೊದಲು ಕೊಳ್ಳುವುದು ಈ ಪೆಟ್ಟಿಗೆಯನ್ನೇ: 12 ಮಿಲಿಲೀಟರಿನ ಹನ್ನೆರಡು ಟ್ಯೂಬು, ಮೂರು ಮೆತ್ತನೆಯ ಬ್ರಷ್ಷು, ಒಂದು ಪ್ಲಾಸ್ಟಿಕ್ ಪ್ಯಾಲೆಟ್ಟು, ಕೆಲವದರಲ್ಲಿ ಒಂದು ಕ್ಯಾನ್ವಾಸ್ ಬೋರ್ಡು. ಕಂಪನಿ ಯಾವುದೇ ಇರಲಿ, ಮುಚ್ಚಳ ತೆಗೆದರೆ ಒಳಗಿರುವುದು ಹೆಚ್ಚುಕಡಿಮೆ ಇದೇ. ಹಾಗಾಗಿ ಬ್ರ್ಯಾಂಡಿನ ಹೆಸರು ಬದಿಗಿಟ್ಟು ಆ ಜಾತಿಯ ಪೆಟ್ಟಿಗೆಯನ್ನೇ ಇಲ್ಲಿ ತೂಗಿದ್ದೇವೆ. ಪರೀಕ್ಷೆಗೆ ಇಟ್ಟುಕೊಂಡ ಕೆಲಸ ಒಂದೇ: 30×40 ಸೆಂಟಿಮೀಟರಿನ ಒಂದು ನಿಸರ್ಗಚಿತ್ರ. ದೂರದಲ್ಲಿ ಗುಡ್ಡ, ನಡುವೆ ಮರಗಳ ಸಾಲು, ಮುಂದೆ ನೀರು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರ ಶೈಲಿಯಲ್ಲಿ, ಬಣ್ಣದ ಮೇಲೆ ಬಣ್ಣ ಕೂರಿಸಿ, ಬ್ರಷ್ಷಿನ ಗುರುತು ಅಳಿಸದೆ, ಮೂರು ಪದರದಲ್ಲಿ ಮುಗಿಸಬೇಕು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಚಿತ್ರ ಆಗುತ್ತದೆ. ಆದರೆ ನಾಲ್ಕು ಟ್ಯೂಬುಗಳಿಗೆ ಹೆಚ್ಚು ಕೆಲಸವೇ ಇರುವುದಿಲ್ಲ, ಬ್ರಷ್ಷುಗಳು ಮೂರೂ ಈ ಶೈಲಿಗೆ ಒಗ್ಗುವುದಿಲ್ಲ, ಬಿಳಿಯಂತೂ ಎರಡನೇ ಪದರದ ನಡುವೆಯೇ ಖಾಲಿ.

ಬಿಳಿಯ ಲೆಕ್ಕ ಸರಳ. 30×40 ಅಂದರೆ 1200 ಚದರ ಸೆಂಟಿಮೀಟರ್. 12 ಮಿಲಿಲೀಟರ್ ಬಣ್ಣವನ್ನು ಅಷ್ಟಗಲಕ್ಕೂ ಸಮನಾಗಿ ಹರಡಿದರೆ ಸಿಗುವ ದಪ್ಪ 0.1 ಮಿಲಿಮೀಟರ್, ಅಂದರೆ ಒಂದು ಸಾಮಾನ್ಯ ಕಾಗದದ ಹಾಳೆಯಷ್ಟು. ಬ್ರಷ್ಷಿನ ಏಣು ಎದ್ದು ಕಾಣಬೇಕಾದರೆ ಸರಾಸರಿ ಅರ್ಧ ಮಿಲಿಮೀಟರ್ ಆದರೂ ಬೇಕು. ಅದಕ್ಕೆ 60 ಮಿಲಿಲೀಟರ್ ಬಣ್ಣ. ಆಕಾಶ, ನೀರು, ದೂರದ ಗುಡ್ಡ ಎಲ್ಲಕ್ಕೂ ಬಿಳಿ ಬೆರೆಯುವುದರಿಂದ ಅದರಲ್ಲಿ ಅರ್ಧ ಬಿಳಿಯೇ ಎಂದಿಟ್ಟುಕೊಂಡರೆ 30 ಮಿಲಿಲೀಟರ್. ಪೆಟ್ಟಿಗೆಯಲ್ಲಿ ಇರುವುದು ಹನ್ನೆರಡು. ಬಿಳಿ ಮುಗಿಯುತ್ತಾ ಬಂತು ಎಂದು ಕಂಡ ಕೂಡಲೇ ಕೈ ತಾನಾಗಿ ಬಿಗಿಯಾಗುತ್ತದೆ, ಬಣ್ಣವನ್ನು ತೆಳ್ಳಗೆ ಎಳೆದೆಳೆದು ಸವರುತ್ತದೆ. ಕಲಿಯುವವರ ಚಿತ್ರಗಳು ಬಡಕಲಾಗಿ ಕಾಣಲು ಅರ್ಧ ಕಾರಣ ಈ ಜಿಪುಣತನ. ಪೆಟ್ಟಿಗೆಯ ಜೊತೆಗೇ ದೊಡ್ಡದೊಂದು ಟೈಟಾನಿಯಂ ವೈಟ್ ಟ್ಯೂಬು ಕೊಳ್ಳಬೇಕು, 200 ಮಿಲಿಲೀಟರಿನದು ಸಿಕ್ಕರೆ ಒಳ್ಳೆಯದು.

ಇನ್ನು ಬಣ್ಣಗಳು. ಟ್ಯೂಬಿನ ಮುಂದಿರುವ ಹೆಸರಿಗಿಂತ ಹಿಂದಿರುವ ಸಣ್ಣ ಅಕ್ಷರ ಮುಖ್ಯ. ಅಲ್ಲಿ ವರ್ಣದ್ರವ್ಯದ ಸಂಕೇತ ಇರುತ್ತದೆ: ಟೈಟಾನಿಯಂ ವೈಟಿಗೆ ಪಿಡಬ್ಲ್ಯು 6, ಅಲ್ಟ್ರಾಮರೀನಿಗೆ ಪಿಬಿ 29, ಥ್ಯಾಲೊ ನೀಲಿಗೆ ಪಿಬಿ 15, ಲೆಮನ್ ಯೆಲ್ಲೊಗೆ ಅನೇಕ ಸಲ ಪಿವೈ 3. ಒಂದೇ ಸಂಕೇತ ಇದ್ದರೆ ಒಂದೇ ದ್ರವ್ಯ. ಎರಡು ಮೂರು ಇದ್ದರೆ ಕಾರ್ಖಾನೆಯಲ್ಲೇ ಬೆರೆಸಿದ ಬಣ್ಣ. ಅದನ್ನು ನಾವು ಇನ್ನೊಂದರ ಜೊತೆ ಬೆರೆಸಿದರೆ ಬೇಗ ಮಂಕಾಗುತ್ತದೆ. ಹೆಸರಿನ ಕೊನೆಗೆ 'ಹ್ಯೂ' ಎಂದಿದ್ದರೆ ಮೂಲ ದ್ರವ್ಯದ ಬದಲು ಅದನ್ನು ಹೋಲುವ ಅಗ್ಗದ ದ್ರವ್ಯ ಹಾಕಿದ್ದಾರೆ ಎಂದರ್ಥ. ಅದು ಮೋಸವೇನಲ್ಲ, ಆದರೆ ವರ್ತನೆ ಬೇರೆ. 'ವಿರಿಡಿಯನ್ ಹ್ಯೂ' ಎಂಬ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಥ್ಯಾಲೊ ಹಸಿರು, ಪಿಜಿ 7. ನಿಜವಾದ ವಿರಿಡಿಯನ್, ಪಿಜಿ 18, ಸಾಧು ಬಣ್ಣ. ಥ್ಯಾಲೊ ಹಾಗಲ್ಲ, ಕಡ್ಡಿಯ ತಲೆಯಷ್ಟು ಹಾಕಿದರೆ ಪ್ಯಾಲೆಟ್ ಪೂರ್ತಿ ತನ್ನದೆನ್ನುತ್ತದೆ.

ಹೋಲಿಕೆಗೆ ಒಂದು ಅಳತೆಗೋಲು ಇದೆ. 1905ರ ಒಂದು ಪತ್ರದಲ್ಲಿ ಇಂಪ್ರೆಷನಿಸ್ಟರಲ್ಲಿ ಪ್ರಮುಖನಾದ ಕ್ಲಾಡ್ ಮೊನೆ ತಾನು ಬಳಸುವ ಬಣ್ಣಗಳ ಪಟ್ಟಿ ಕೊಟ್ಟಿದ್ದಾನೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ವೇರ್ ಎಮೆರೋದ್. ಆರೇ ಆರು. ಕೊನೆಯ ಹೆಸರನ್ನು ಇಂಗ್ಲಿಷ್ ಅನುವಾದಗಳು 'ಎಮರಾಲ್ಡ್ ಗ್ರೀನ್' ಎಂದು ಬರೆದು ಗೊಂದಲ ಮಾಡಿವೆ. ಫ್ರೆಂಚರ ಆ ಹೆಸರು ವಿರಿಡಿಯನ್ನಿಗೆ ಸಲ್ಲುತ್ತದೆ. ಪಟ್ಟಿಯಲ್ಲಿ ಕಪ್ಪೂ ಇಲ್ಲ, ಕಂದೂ ಇಲ್ಲ.

ಆ ಅಳತೆಗೋಲು ಹಿಡಿದರೆ ಪೆಟ್ಟಿಗೆಯಿಂದ ಎತ್ತಿಕೊಳ್ಳಬೇಕಾದವು ಬಿಳಿ, ಲೆಮನ್ ಯೆಲ್ಲೊ, ನಡುಹಳದಿ, ವರ್ಮಿಲಿಯನ್ ಹ್ಯೂ, ಕ್ರಿಮ್ಸನ್, ಅಲ್ಟ್ರಾಮರೀನ್. ಥ್ಯಾಲೊ ಹಸಿರು ಮೂಲೆಯಲ್ಲಿ ಚೂರು ಇರಲಿ. ಯೆಲ್ಲೊ ಆಕರ್ ಕ್ಯಾನ್ವಾಸಿಗೆ ಮೊದಲ ಬಣ್ಣ ಕೊಡಲು ಸಾಕು. ಥ್ಯಾಲೊ ನೀಲಿ, ಸ್ಯಾಪ್ ಗ್ರೀನ್, ಬರ್ನ್ಟ್ ಅಂಬರ್, ಕಪ್ಪು, ಈ ನಾಲ್ಕನ್ನು ಎತ್ತಿಡಿ. ಸ್ಯಾಪ್ ಗ್ರೀನ್ ಮೇಲೆ ನಮಗೆ ವಿಶೇಷ ಸಿಟ್ಟು: ಟ್ಯೂಬಿನಿಂದ ನೇರ ತೆಗೆದು ಮರಕ್ಕೆ ಮೆತ್ತಲು ಅಷ್ಟು ಸುಲಭವಾಗಿದೆ ಎಂಬುದೇ ಅದರ ದೋಷ. ಹತ್ತು ಮರವಿದ್ದರೆ ಹತ್ತೂ ಒಂದೇ ಹಸಿರು. ಅಲ್ಟ್ರಾಮರೀನಿಗೆ ನಡುಹಳದಿ ಬೆರೆಸಿದರೆ ಮಾಸಲು ಹಸಿರು, ಲೆಮನ್ ಬೆರೆಸಿದರೆ ಅದಕ್ಕಿಂತ ಚೊಕ್ಕ, ಎರಡಕ್ಕೂ ಚಿಟಿಕೆ ವರ್ಮಿಲಿಯನ್ ಸೇರಿಸಿದರೆ ಬಿಸಿಲಿಗೆ ಒಣಗಿದ ಹಸಿರು. ಇಷ್ಟರಲ್ಲೇ ಒಂದು ತೋಪು ಆಗುತ್ತದೆ. ಕಪ್ಪಿನ ಜಾಗಕ್ಕೆ ಅಲ್ಟ್ರಾಮರೀನ್, ಕ್ರಿಮ್ಸನ್, ಚೂರೇ ಚೂರು ಥ್ಯಾಲೊ ಹಸಿರು. ಮೂರರಲ್ಲಿ ಯಾವುದು ಒಂದು ಕೈ ಹೆಚ್ಚಾದರೆ ನೆರಳು ಆ ಕಡೆ ವಾಲುತ್ತದೆ, ಅದೇ ಬೇಕಾದದ್ದು. ಕಪ್ಪಿನ ಪರವಾಗಿ ಒಂದು ಮಾತು: ಹಳದಿಗೆ ಕಪ್ಪು ಬೆರೆಸಿದರೆ ಒಳ್ಳೆಯ ಆಲಿವ್ ಹಸಿರು ಬರುತ್ತದೆ. ಕೈ ಪಳಗಿದ ಮೇಲೆ ತೆಗೆಯಿರಿ.

ಕ್ರಿಮ್ಸನ್ ಬಗ್ಗೆ ಎಚ್ಚರ. ಸಂಕೇತ ಪಿಆರ್ 83 ಇದ್ದರೆ ಅದು ಅಲಿಜರಿನ್; ಬಿಳಿ ಬೆರೆಸಿದ ತಿಳಿಗುಲಾಬಿಯಲ್ಲಿ ವರ್ಷಗಳು ಕಳೆದಂತೆ ಬೆಳಕಿಗೆ ಮಾಸುತ್ತದೆ. ಸಂಜೆಯ ಆಕಾಶಕ್ಕೆ ಬೇಕಾದದ್ದು ಅದೇ ತಿಳಿಗುಲಾಬಿ. ಪಿವಿ 19 ಎಂದಿರುವ ಕ್ವಿನಾಕ್ರಿಡೋನ್ ಗುಲಾಬಿ ಕೆಂಪು ತಡೆದುಕೊಳ್ಳುತ್ತದೆ. ಹಾಗೆಯೇ ಬಿಳಿ ಟ್ಯೂಬಿನ ಹಿಂದೆ ಪಿಡಬ್ಲ್ಯು 4 ಇದೆಯೇ ನೋಡಿ. ಅದು ಸತುವಿನ ಬಿಳಿ. ಅದಿರುವ ಎಣ್ಣೆಪದರ ಕಾಲ ಕಳೆದಂತೆ ಪೆಡಸಾಗಿ ಬಿರುಕು ಬಿಡುವ, ಸುಲಿದು ಬರುವ ಸ್ವಭಾವದ್ದು. ದಪ್ಪ ಬಣ್ಣದ ಚಿತ್ರಕ್ಕೆ ಬೇಡ.

ಬಣ್ಣದ ಹದದಲ್ಲಿ ಪೆಟ್ಟಿಗೆಗೆ ಪಾಸಾಗುವಷ್ಟೇ ಅಂಕ. ವಿದ್ಯಾರ್ಥಿ ದರ್ಜೆಯ ಬಣ್ಣದಲ್ಲಿ ದ್ರವ್ಯ ಕಡಿಮೆ, ಸೀಮೆಸುಣ್ಣದಂಥ ತುಂಬುಪುಡಿ ಹೆಚ್ಚು. ಒಂದು ಪಾಲು ಅಲ್ಟ್ರಾಮರೀನಿಗೆ ಹತ್ತು ಪಾಲು ಬಿಳಿ ಬೆರೆಸಿ ನೋಡಿ. ಗಟ್ಟಿ ನೀಲಿಯಾದರೆ ಆಗಲೂ ನೀಲಿ ಎಂದೇ ಅನ್ನಿಸುತ್ತದೆ. ಬಡ ನೀಲಿಯಾದರೆ ಬೂದಿಯಾಗುತ್ತದೆ. ಇನ್ನೊಂದು ತೊಂದರೆ, ಮುಚ್ಚಳ ತೆಗೆದೊಡನೆ ಎಣ್ಣೆ ಮೊದಲು ಸುರಿಯುವುದು. ಅಂಥ ಸಡಿಲ ಬಣ್ಣದಲ್ಲಿ ಎಳೆದ ಸ್ಟ್ರೋಕು ಕಣ್ಣೆದುರೇ ಕುಸಿದು ನುಣುಪಾಗುತ್ತದೆ. ಇದಕ್ಕೆ ಹಳೆಯ ಉಪಾಯವಿದೆ: ಬೇಕಾದಷ್ಟು ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ರಟ್ಟು ಹೆಚ್ಚಿನ ಎಣ್ಣೆ ಹೀರಿ ಬಣ್ಣ ಬೆಣ್ಣೆಯ ಹದಕ್ಕೆ ಬರುತ್ತದೆ. ಗಂಟೆಗಟ್ಟಲೆ ಬಿಟ್ಟರೆ ಮಾತ್ರ ಎಣ್ಣೆಯೇ ಇಲ್ಲದಾಗಿ ಒಣಗಿದ ಮೇಲೆ ಪುಡಿ ಉದುರುತ್ತದೆ.

ಬ್ರಷ್ಷುಗಳ ವಿಷಯಕ್ಕೆ ಬಂದರೆ ದಯೆ ತೋರಿಸಲು ಏನೂ ಇಲ್ಲ. ಮೆತ್ತನೆಯ ನೈಲಾನಿನ, ಚೂಪು ತುದಿಯ ದುಂಡು ಬ್ರಷ್ಷುಗಳು ಜಲವರ್ಣಕ್ಕೆ ಸರಿ. ಎಣ್ಣೆಬಣ್ಣದ ಗುಪ್ಪೆಯನ್ನು ಅವು ಎತ್ತಲಾರವು; ಎತ್ತಿದರೂ ಕೆಳಗಿನ ಹಸಿ ಬಣ್ಣದ ಮೇಲೆ ಬಿಟ್ಟು ಬರಲಾರವು, ಅದನ್ನೇ ಕಲಕುತ್ತವೆ. ಇಂಪ್ರೆಷನಿಸ್ಟರ ಚೌಕಾಕಾರದ ಆ ಬಣ್ಣದ ತೇಪೆ ಹುಟ್ಟಿದ್ದೇ ಚಪ್ಪಟೆ ಬ್ರಷ್ಷಿನಿಂದ. ಹತ್ತೊಂಬತ್ತನೇ ಶತಮಾನದಲ್ಲಿ ಕೂದಲನ್ನು ಬಿಗಿಯುವ ಲೋಹದ ಪಟ್ಟಿಯನ್ನು ಚಪ್ಪಟೆ ಮಾಡಲು ಬಂದ ಮೇಲೆ ಅದು ಸುಲಭವಾಯಿತು. ಜಾನ್ ಗಾಫ್ ರ‍್ಯಾಂಡ್ ಎಂಬಾತ ಹಿಂಡುವ ತಗಡಿನ ಟ್ಯೂಬಿಗೆ 1841ರಲ್ಲಿ ಪೇಟೆಂಟ್ ಪಡೆದಿದ್ದ. ಬಯಲಿಗೆ ಒಯ್ಯಬಹುದಾದ ಬಣ್ಣ, ಒಂದೇ ಏಟಿಗೆ ತೇಪೆ ಇಡುವ ಬ್ರಷ್ಷು, ಈ ಎರಡೂ ಕೈಗೆ ಬಂದ ತಲೆಮಾರೇ 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಮಾಡಿದ್ದು. ಪೆಟ್ಟಿಗೆ ಮಾಡುವವರು ಟ್ಯೂಬು ಕೊಟ್ಟು ಬ್ರಷ್ಷು ಮರೆತಿದ್ದಾರೆ.

ಬೇಕಾದದ್ದು ಹಂದಿಕೂದಲಿನ, ಇಲ್ಲವೇ ಅಷ್ಟೇ ಬಿರುಸಾದ ಸಿಂಥೆಟಿಕ್ ಚಪ್ಪಟೆ ಬ್ರಷ್ಷು. ನಂಬರುಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅಗಲ ನೋಡಿ ಕೊಳ್ಳಿ: ಒಂದು 20 ಮಿಲಿಮೀಟರಿನದು, ಎರಡು 12ರವು, ಒಂದು 6ರದು. 12ರವು ಎರಡು ಏಕೆಂದರೆ ಒಂದು ಕೆಂಪು, ಹಳದಿಯಂಥ ಬಿಸಿ ಬಣ್ಣಗಳಿಗೆ, ಇನ್ನೊಂದು ನೀಲಿ, ಹಸಿರಿನಂಥ ತಂಪಿಗೆ. ಪ್ರತಿ ಸಲ ತೊಳೆಯುವ ಗೋಜಿಲ್ಲ. ಬೆರೆಸಲು ಒಂದು ಪ್ಯಾಲೆಟ್ ನೈಫು. ಪ್ಲಾಸ್ಟಿಕ್ ಪ್ಯಾಲೆಟ್ಟಿನ ಗುಂಡಿಗಳಲ್ಲಿ ನೈಫು ಆಡುವುದಿಲ್ಲ, ಬಣ್ಣ ತೆಳು ಮಾಡುವ ಟರ್ಪೆಂಟೈನ್ ತಾಗಿದರೆ ಕೆಲವು ಪ್ಲಾಸ್ಟಿಕ್ ಅಂಟಂಟಾಗುತ್ತದೆ. ಅಂಚು ಉಜ್ಜಿದ ಗಾಜಿನ ತುಂಡು, ಅದರ ಕೆಳಗೆ ನಡುಬೂದು ಕಾಗದ: ಇದಕ್ಕಿಂತ ಒಳ್ಳೆಯ ಪ್ಯಾಲೆಟ್ ಇಲ್ಲ.

ಕ್ಯಾನ್ವಾಸ್ ಬೋರ್ಡು ಬಂದಿದ್ದರೆ ಮೂಲೆಯಲ್ಲಿ ತೆಳು ಬಣ್ಣದ ಒಂದು ಗೆರೆ ಎಳೆದು ನೋಡಿ. ನಿಮಿಷದೊಳಗೆ ಹೊಳಪು ಹೋಗಿ ಸುಣ್ಣದಂತಾದರೆ ಅದು ಎಣ್ಣೆ ಕುಡಿಯುವ ಬೋರ್ಡು. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ, ಅಕ್ರಿಲಿಕ್ ಗೆಸ್ಸೊ, ಎರಡು ಕೈ, ಒಂದು ಅಡ್ಡ ಒಂದು ಉದ್ದ, ಹೊಡೆದು ಪೂರ್ತಿ ಒಣಗಲು ಬಿಡಿ. ಹಿಂಬದಿಗೂ ಒಂದು ಕೈ ಹೊಡೆದರೆ ಬೋರ್ಡು ಬಾಗುವುದು ಕಡಿಮೆ.

ಈಗ ಚಿತ್ರ. ಬಿಳಿ ಬೋರ್ಡಿನ ಮೇಲೆ ನೇರ ಶುರುಮಾಡಿದರೆ ಇಟ್ಟ ಪ್ರತಿ ಬಣ್ಣವೂ ಕಪ್ಪಾಗಿ ಕಂಡು ಕೈ ಹಿಂಜರಿಯುತ್ತದೆ. ಯೆಲ್ಲೊ ಆಕರ್‌ಗೆ ತುಸು ವರ್ಮಿಲಿಯನ್ ಸೇರಿಸಿ, ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳು ಮಾಡಿ, ಹಚ್ಚಿ, ಬಟ್ಟೆಯಿಂದ ಒರೆಸಿ. ಉಳಿಯುವ ತಿಳಿ ಜೇನುಬಣ್ಣ ಒಂದು ದಿನ ಒಣಗಲಿ. ಉರಿಯುವ ಕಿತ್ತಳೆ ಬಳಿಯುವ ಪದ್ಧತಿ ಈಗ ಪಾಠಗಳಲ್ಲಿ ಬಹಳ ಇದೆ. ಹಸಿರು ನೀಲಿಗಳ ಸಂದಿಯಲ್ಲಿ ಅದು ಇಣುಕಿದರೆ ಮಿಂಚುತ್ತದೆ, ನಿಜ. ಆದರೆ ಎಲ್ಲ ಚಿತ್ರವೂ ಒಂದೇ ಸಂಜೆಯಲ್ಲಿ ಬಿಡಿಸಿದಂತೆ ಕಾಣುತ್ತದೆ. ಮೊನೆ, ಅವನ ಸಂಗಾತಿ ಚಿತ್ರಕಾರ ಪಿಸ್ಸಾರೊ ಹೆಚ್ಚಾಗಿ ಬಳಸಿದ್ದು ತಿಳಿಬೂದು, ಕೆನೆಬಣ್ಣದಂಥ ತಳಬಣ್ಣಗಳನ್ನೇ.

ಮೊದಲ ಪದರದಲ್ಲಿ ಮರ, ಎಲೆ ಏನೂ ಇಲ್ಲ. ಐದು ತುಂಡುಗಳಿವೆ ಅಷ್ಟೆ: ಆಕಾಶ, ಗುಡ್ಡ, ಮರಸಾಲು, ದಡ, ನೀರು. ಪೆನ್ಸಿಲ್ ಬೇಡ, ತೆಳು ಅಲ್ಟ್ರಾಮರೀನಿನಲ್ಲಿ ಗೆರೆ ಹಾಕಿ. ಕಣ್ಣು ಅರೆಮುಚ್ಚಿ ನೋಡಿದರೆ ಟೋನುಗಳ, ಅಂದರೆ ತಿಳಿ-ಗಾಢದ ಮಟ್ಟಗಳ, ಕ್ರಮ ಕಾಣುತ್ತದೆ: ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ತಿಳಿ, ಮಲಗಿದ ನೆಲ ಅದಕ್ಕಿಂತ ಒಂದು ಮೆಟ್ಟಿಲು ಗಾಢ, ಓರೆಯಾದ ಗುಡ್ಡ ಇನ್ನೊಂದು ಮೆಟ್ಟಿಲು, ನೆಟ್ಟಗೆ ನಿಂತ ಮರ ಎಲ್ಲಕ್ಕಿಂತ ಗಾಢ. ಗುಡ್ಡ ತೀರಾ ದೂರವಿದ್ದರೆ ನಡುವಿನ ಗಾಳಿ ಅದನ್ನು ತಿಳಿನೀಲಿಗೆ ಎಳೆದು ಈ ಕ್ರಮ ಮುರಿಯುತ್ತದೆ. 20 ಮಿಲಿಮೀಟರಿನ ಬ್ರಷ್ಷಿನಲ್ಲಿ ತೆಳು ಬಣ್ಣವನ್ನು ಉಜ್ಜಿ ತುಂಬಿ. ಎಣ್ಣೆ ಹಾಕಬೇಡಿ, ಬಿಳಿಯನ್ನೂ ಆದಷ್ಟು ದೂರವಿಡಿ. ತುಂಡುಗಳ ನಡುವೆ ಎರಡು ಮೂರು ಮಿಲಿಮೀಟರ್ ಜೇನುಬಣ್ಣ ಬಿಟ್ಟರೆ ಮುಂದಿನ ಪದರದಲ್ಲಿ ಅಂಚುಗಳು ತಾವಾಗಿ ಉಸಿರಾಡುತ್ತವೆ. ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ವಿವರಕ್ಕೆ ಇಳಿದಿದ್ದೀರಿ ಎಂದೇ ಲೆಕ್ಕ. ಒಂದೆರಡು ದಿನ ಒಣಗಲಿ.

ಎರಡನೇ ಪದರದಲ್ಲೇ ಇಡೀ ಶೈಲಿ ಇದೆ, ಹೆಚ್ಚಿನ ಚಿತ್ರಗಳು ಕೆಡುವುದೂ ಇಲ್ಲೇ. ಪ್ರತಿ ತುಂಡಿಗೂ ಪ್ಯಾಲೆಟ್ಟಿನಲ್ಲಿ ಮೂರು ಗುಪ್ಪೆ ಮಾಡಿಕೊಳ್ಳಿ: ಒಂದು ಬಿಸಿ, ಒಂದು ತಂಪು, ಒಂದು ನಡುವಿನದು. ಮೂರರ ಬಣ್ಣ ಬೇರೆ, ಟೋನು ಒಂದೇ. ಮರದ ನೆರಳಿನ ಭಾಗಕ್ಕಾದರೆ ನೀಲಿಹಸಿರು, ನೇರಳೆ, ಕೆಂಪು ಕಡೆ ವಾಲಿದ ಹಸಿರು. ಮೂರನ್ನೂ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಒಂದೇ ಬೂದಿಯಾಗಿ ಕಂಡರೆ ಸರಿ. ಒಂದು ಎದ್ದು ಕಂಡರೆ ಅದು ಕ್ಯಾನ್ವಾಸಿನಲ್ಲಿ ಚುಕ್ಕೆಯಾಗಿ ಕುಣಿಯುತ್ತದೆ, ನೆರಳಿಗೆ ತೂತು ಬಿದ್ದಂತಾಗುತ್ತದೆ. ಇಂಪ್ರೆಷನಿಸಂ ಎಂದರೆ ಬಣ್ಣಬಣ್ಣದ ಚುಕ್ಕೆ ಎಂದುಕೊಂಡವರು ಎಡವುವುದು ಈ ಒಂದು ಕಡೆ. ಬಣ್ಣ ಎಷ್ಟು ಹುಚ್ಚಾದರೂ ಸರಿಯೇ, ಟೋನು ತಪ್ಪಿದರೆ ಕಣ್ಣು ಒಪ್ಪುವುದಿಲ್ಲ.

ಬ್ರಷ್ಷನ್ನು ಹಿಡಿಯ ತುದಿಯಲ್ಲಿ ಹಿಡಿಯಿರಿ. ಗುಪ್ಪೆಯ ಅಂಚಿನಿಂದ ಬಣ್ಣ ಎತ್ತಿ, ಇಟ್ಟು, ಎತ್ತಿಬಿಡಿ. ಒಂದು ಎತ್ತಿಗೆ ಒಂದು ಸ್ಟ್ರೋಕು, ಹೆಚ್ಚೆಂದರೆ ಎರಡು. ಇಟ್ಟದ್ದರ ಮೇಲೆ ಮತ್ತೆ ಕೈಯಾಡಿಸುವಂತಿಲ್ಲ. ಮೂರು ಸ್ಟ್ರೋಕಿಗೊಮ್ಮೆ ಬಟ್ಟೆಗೆ ಒರೆಸಿ. ಹೀಗೆ ಕಟ್ಟುನಿಟ್ಟು ಮಾಡಲು ಕಾರಣ ಕೆಸರು. ಪ್ರತಿ ದ್ರವ್ಯವೂ ಬೆಳಕಿನ ಒಂದು ಭಾಗ ನುಂಗುತ್ತದೆ. ಹಸಿರಿನ ಮೇಲೆ ಕೆಂಪು, ನೇರಳೆಯನ್ನು ಕಲಸಿದರೆ ಮೂರೂ ಸೇರಿ ಎಲ್ಲವನ್ನೂ ನುಂಗಿ ಕಂದುಬೂದಿ ಉಳಿಸುತ್ತವೆ. ಅದೇ ಬಣ್ಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದನ್ನೊಂದು ಕೆಣಕುತ್ತವೆ. ಈ ಕೆಣಕಾಟವನ್ನು ಷೆವ್ರೋಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1839ರಲ್ಲೇ ವಿವರಿಸಿದ್ದ. ದೂರ ನಿಂತರೆ ಬಣ್ಣಗಳು ಕಣ್ಣಲ್ಲಿ ಪೂರ್ತಿ ಬೆರೆಯುತ್ತವೆ ಎಂಬ ಮಾತನ್ನು ಮಾತ್ರ ಅಕ್ಷರಶಃ ತೆಗೆದುಕೊಳ್ಳಬೇಡಿ. ಒಂದು ಸೆಂಟಿಮೀಟರ್ ಅಗಲದ ಸ್ಟ್ರೋಕು ಎರಡು ಮೀಟರ್ ದೂರದಿಂದಲೂ ಬೇರೆಯಾಗಿಯೇ ಕಾಣುತ್ತದೆ. ಬೆರೆತೂ ಬೆರೆಯದ ಆ ನಡುಕವೇ ಬಿಸಿಲಿನ ಭಾವ ಕೊಡುವುದು.

ಸ್ಟ್ರೋಕಿನ ದಿಕ್ಕು ವಸ್ತುವಿನ ಮಾತು ಕೇಳಬೇಕು. ನೀರಿನ ಪ್ರತಿಬಿಂಬವನ್ನು ಮೊದಲು ಮೇಲಿನಿಂದ ಕೆಳಕ್ಕೆ ಎಳೆದು, ಆಮೇಲೆ ಕೆಲವೇ ಅಡ್ಡ ಗೀಟುಗಳಿಂದ ಕತ್ತರಿಸಿ. ಗಾಢ ಮರದ ಪ್ರತಿಬಿಂಬ ಮರಕ್ಕಿಂತ ತುಸು ತಿಳಿ, ತಿಳಿ ಆಕಾಶದ್ದು ಆಕಾಶಕ್ಕಿಂತ ತುಸು ಗಾಢ. ಮರಕ್ಕೆ ಎಲೆಯಷ್ಟು ಚಿಕ್ಕ ಸ್ಟ್ರೋಕು ಹಾಕಿದರೆ ಕೆಟ್ಟಿತು; ಗೊಂಚಲಿನಷ್ಟು ಹಾಕಿ, ಗೊಂಚಲು ತಿರುಗಿದ ಕಡೆ ಬ್ರಷ್ಷೂ ತಿರುಗಲಿ. ಆಕಾಶಕ್ಕೆ ಅಡ್ಡಡ್ಡ ಎಳೆಯುತ್ತಾ ಹೋದರೆ ಗೋಡೆಗೆ ಬಣ್ಣ ಬಳಿದಂತಾಗುತ್ತದೆ, ಓರೆಯಾಗಿ, ಉದ್ದ ಬದಲಿಸುತ್ತಾ ಇಡಿ. ಎಲ್ಲಕ್ಕೂ ಬಿಳಿ ಸುರಿಯುತ್ತಾ ಹೋದರೆ ಚಿತ್ರ ಸುಣ್ಣ ಹೊಡೆದಂತಾಗುವುದು ಟೈಟಾನಿಯಂ ವೈಟಿನ ದೊಡ್ಡ ದೋಷ: ಅದು ತಿಳಿ ಮಾಡುವುದರ ಜೊತೆಗೆ ತಂಪೂ ಮಾಡುತ್ತದೆ. ಬಿಸಿಲು ಬಿದ್ದ ಕಡೆ ಬಿಳಿಯ ಹಿಂದೆಯೇ ಚೂರು ನಡುಹಳದಿಯೋ ವರ್ಮಿಲಿಯನ್ನೋ ಹೋಗಬೇಕು.

ಈ ಪದರಕ್ಕೆ ಬಣ್ಣ ಗಟ್ಟಿಯೆನಿಸಿದರೆ ಒಂದೆರಡು ಹನಿ ಲಿನ್‌ಸೀಡ್ (ಅಗಸೆ) ಎಣ್ಣೆ ಸಾಕು. ಕೆಳಗಿನದು ಎಣ್ಣೆ ಕಡಿಮೆ, ಮೇಲಿನದು ಹೆಚ್ಚು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿದ್ದ ಪದರ ನಿಧಾನ. ಕೆಳಗಿನದು ಇನ್ನೂ ಸರಿಯುತ್ತಿರುವಾಗ ಮೇಲಿನದು ಗಟ್ಟಿಯಾದರೆ ಬಿರುಕು ಖಚಿತ. ಅಡುಗೆ ಎಣ್ಣೆ ಹಾಕುವ ಯೋಚನೆಯೂ ಬೇಡ, ಕಡಲೆಕಾಯಿ, ತೆಂಗು ಇವೆಲ್ಲ ಒಣಗುವ ಜಾತಿಯವಲ್ಲ. ಲಿನ್‌ಸೀಡ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬಾರದು. ಅದೇ ಆಮ್ಲಜನಕದ ಕ್ರಿಯೆಯಲ್ಲಿ ಕಾವು ಹುಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿಡಿ. ಪೆಟ್ಟಿಗೆಯ ಮೇಲೆ ಈ ಒಂದು ಸಾಲು ಮುದ್ರಿಸದಿರುವುದು ತಪ್ಪೇ ಸರಿ.

ಒಂದು ವಾರ ಬಿಟ್ಟು ಬೆರಳು ಮುಟ್ಟಿಸಿ ನೋಡಿ. ಅಂಟದಿದ್ದರೆ ಮೂರನೇ ಪದರ. ಕೆಲವು ಕಡೆ ಬಣ್ಣ ಮಂಕಾಗಿ ಹೀರಿಕೊಂಡಿರುತ್ತದೆ. ಬೆರಳ ತುದಿಯಷ್ಟು ಲಿನ್‌ಸೀಡ್ ಸವರಿ, ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆದರೆ ಬಣ್ಣ ಮೊದಲಿನ ಗಾಢಕ್ಕೆ ಮರಳುತ್ತದೆ. ಮೊದಲು ಒಣ ಕುಂಚದ ಸವರಿಕೆ: ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಅರ್ಧ ಒರೆಸಿ, ಕ್ಯಾನ್ವಾಸಿಗೆ ಮಲಗಿಸಿದಂತೆ ಹಿಡಿದು ಹಗುರಾಗಿ ಎಳೆಯಿರಿ. ಕೆಳಗಿನ ಸ್ಟ್ರೋಕುಗಳ ಏಣಿನ ಮೇಲೆ ಮಾತ್ರ ಬಣ್ಣ ಕೂತು ಸಂದಿಗಳಲ್ಲಿ ಹಳೆಯದು ಉಳಿಯುತ್ತದೆ. ದೂರದ ಗುಡ್ಡದ ಮೇಲೆ ತಿಳಿ ನೇರಳೆಯನ್ನು ಹೀಗೆ ಸವರಿದರೆ ಮಂಜು ಬರುತ್ತದೆ. ಕೆಳಪದರ ಅರೆಒಣಗಿದ್ದರೆ ಇದು ಆಗದು, ಕಿತ್ತು ಬರುತ್ತದೆ. ಎಲೆಗಳ ನಡುವೆ ಆಕಾಶದ ಕಿಂಡಿಗಳಿಗೆ ಆಕಾಶದ ಬಣ್ಣವನ್ನೇ ಹಾಕಿದರೆ ದೀಪ ಹಚ್ಚಿದಂತೆ ಹೊಳೆಯುತ್ತವೆ. ಒಂದು ಮೆಟ್ಟಿಲು ಗಾಢ ಮಾಡಿ. ಕೊನೆಗೆ ದಪ್ಪ ಬೆಳಕು, ರಟ್ಟಿನ ಮೇಲೆ ಎಣ್ಣೆ ಬಿಟ್ಟ ಆ ಬಣ್ಣದಲ್ಲಿ. ನಲವತ್ತು ಸ್ಟ್ರೋಕಿನ ಮಿತಿ ಹಾಕಿಕೊಳ್ಳಿ. ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ.

ವಾರ್ನಿಷಿಗೆ ಅವಸರ ಬೇಡ. ದಪ್ಪ ಬಿಳಿ ಹೊರಗೆ ಒಣಗಿದ್ದರೂ ಒಳಗೆ ಹಸಿಯಾಗಿರುತ್ತದೆ, ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಚಿತ್ರವನ್ನು ಕತ್ತಲೆ ಕಪಾಟಿನಲ್ಲಿ ಒಣಗಿಸಿದರೆ ಲಿನ್‌ಸೀಡ್ ಹಳದಿ ತಿರುಗುತ್ತದೆ, ಬೆಳಕಿರುವ ಗೋಡೆಗೆ ನಿಲ್ಲಿಸಿ.

ಪೆಟ್ಟಿಗೆಯನ್ನು ಯಾರು ಕೊಳ್ಳಬಹುದು? ಯಾವ ಬಣ್ಣ ಹೇಗೆ ವರ್ತಿಸುತ್ತದೆ ಎಂದು ಬೆರೆಸಿ ನೋಡುವ ಕುತೂಹಲ ಇರುವವರು, ಪುಟ್ಟ ಬೋರ್ಡುಗಳಲ್ಲಿ ಅಭ್ಯಾಸ ಮಾಡುವವರು. 15×20 ಸೆಂಟಿಮೀಟರಿಗೆ ಅದೇ ಅರ್ಧ ಮಿಲಿಮೀಟರ್ ದಪ್ಪಕ್ಕೆ 15 ಮಿಲಿಲೀಟರ್ ಬಣ್ಣ ಸಾಕು, ಅಂಥ ಒಂದು ಚಿತ್ರಕ್ಕೆ ಪೆಟ್ಟಿಗೆ ಏದುಸಿರು ಬಿಡದೆ ನಡೆಯುತ್ತದೆ. ನೇರವಾಗಿ ಈ ಶೈಲಿಯನ್ನೇ ಹಿಡಿಯಬೇಕೆಂದಿರುವವರಿಗೆ ಬಿಡಿ ಟ್ಯೂಬುಗಳೇ ಲೇಸು: ದೊಡ್ಡ ಬಿಳಿ, 37 ಅಥವಾ 40 ಮಿಲಿಲೀಟರಿನ ಐದು ಬಣ್ಣ, ನಾಲ್ಕು ಬಿರುಸು ಬ್ರಷ್ಷು. ಪೆಟ್ಟಿಗೆ ಈಗಾಗಲೇ ಮನೆಗೆ ಬಂದಿದ್ದರೆ ಬಿಳಿ ಮತ್ತು ಬ್ರಷ್ಷುಗಳನ್ನು ಈ ವಾರವೇ ತನ್ನಿ, ಬಳಿಕ ಮೊದಲು ಮುಗಿಯುವ ಅಲ್ಟ್ರಾಮರೀನ್, ಆಮೇಲೆ ನಡುಹಳದಿ. ಆ ಮೂರು ಮೆತ್ತನೆಯ ಬ್ರಷ್ಷುಗಳನ್ನೂ ಎಸೆಯಬೇಡಿ, ಚಿತ್ರದ ಮೂಲೆಯಲ್ಲಿ ಸಹಿ ಹಾಕಲು ಅವುಗಳಷ್ಟು ಚೆನ್ನಾಗಿ ಇನ್ನಾವುದೂ ಒದಗುವುದಿಲ್ಲ.